ತೊಂಬತ್ತೈದು ಆಗುವವರೆಗೆ

ಅಧ್ಯಕ್ಷರಾದ ಚಕ್ರಪಾಣಿಯವರೇ, ವೇದಿಕೆಯ ಮೇಲಿರುವ ಹಿರಿಯರೇ, ಕಾಮಾಕ್ಷಿಪಾಳ್ಯದ ಮೋಟಾರ್ ವೈಂಡಿಂಗ್ ಕೆಲಸಗಾರರ ಸಂಘದ ಬಂಧುಗಳೇ, ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಪಂಚಾಕ್ಷರಿಯವರು ಮೂವತ್ತನಾಲ್ಕು ವರ್ಷ ವಿದ್ಯುತ್ ಸ್ಥಾವರದ ಜನರೇಟರ್ ನೋಡಿಕೊಂಡರು, ಒಂದೇ ಒಂದು ಅಪಘಾತವೂ ಆಗಲು ಬಿಡಲಿಲ್ಲ ಎಂದು ನೀವು ಸನ್ಮಾನಪತ್ರದಲ್ಲಿ ನನ್ನ ಬಗ್ಗೆ ಓದಿದಿರಿ. ಸಂತೋಷ. ನಾನು ಗಡಿಯಾರ ನೋಡುತ್ತಲೇ ಮಾತಾಡಿದರೆ ಮಾತ್ರ ತಪ್ಪು ತಿಳಿಯಬೇಡಿ. ನನ್ನ ಮಗಳು ವಚನಾ ಈಗ ಬೇರೊಂದು ಸ್ಥಾವರದಲ್ಲಿ ಎಂಜಿನಿಯರ್. ಇವತ್ತು ಹನ್ನೆರಡು ಗಂಟೆಗೆ ಅವಳು ಒಂದು ಜನರೇಟರಿನೊಳಕ್ಕೆ ಗಾಳಿ ಬಿಡಬೇಕು. ಮನಸ್ಸು ಅಲ್ಲಿದೆ, ಬಾಯಿ ಇಲ್ಲಿದೆ. ಈಗ ಹನ್ನೊಂದು ಮುಕ್ಕಾಲು.

ಗಾಳಿ ಬಿಡುವುದು ಒಂದು ಕೆಲಸವೇ ಎಂದಿರಾ? ಹೇಳುತ್ತೇನೆ. ಮೋಟಾರ್ ಬಿಸಿಯಾದರೆ ಏನಾಗುತ್ತದೆ ಎಂದು ನಿಮಗೆ ನಾನು ಕಲಿಸಬೇಕೇ? ಸುಟ್ಟ ವಾರ್ನಿಶ್ ವಾಸನೆ ಮಾಗಡಿ ರಸ್ತೆಯವರೆಗೂ ಬರುತ್ತದೆ. ನಿಮ್ಮ ಮೋಟಾರಿಗೆ ಹಿಂದುಗಡೆ ಒಂದು ಫ್ಯಾನು ಸಾಕು. ನಮ್ಮದು ಬಸ್ಸಿನಷ್ಟು ದೊಡ್ಡ ಯಂತ್ರ, ಒಳಗಿನ ರೋಟರ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತದೆ. ಅಷ್ಟು ವೇಗಕ್ಕೆ ಗಾಳಿಯೂ ಭಾರ. ನಾನು ಹಳ್ಳಿಯವನು, ಹಳ್ಳಿಯ ಮಾತಿನಲ್ಲೇ ಹೇಳಬೇಕೆಂದರೆ ಕೆಸರುಗದ್ದೆಯಲ್ಲಿ ಓಡಿದ ಹಾಗೆ. ಆದ್ದರಿಂದ ಗಾಳಿ ತೆಗೆದು ಹೈಡ್ರೋಜನ್ ತುಂಬುತ್ತಾರೆ. ಅದು ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ. ರೋಟರ್ ಬದುವಿನ ಮೇಲೆ ಓಡಿದ ಹಾಗೆ ಓಡುತ್ತದೆ, ಬಿಸಿಯೂ ಬೇಗ ಇಳಿಯುತ್ತದೆ.

ಮದುವೆಯಾದ ಹೊಸತರಲ್ಲಿ ಇದನ್ನೇ ನನ್ನ ಹೆಂಡತಿ ಕಮಲಾಕ್ಷಮ್ಮನಿಗೆ ಜಂಬದಿಂದ ವಿವರಿಸಿದ್ದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿದಳು: “ಬೆಂಕಿ ಹತ್ಕೊಳ್ಳೋ ಗಾಳೀನ ತಣ್ಣಗಾಗೋಕೆ ಹಾಕ್ತೀರಾ? ಅದ್ಯಾವ ತಲೆಕೆಟ್ಟೋನ್ರೀ ಹೇಳ್ಕೊಟ್ಟಿದ್ದು?”

ನಗಬೇಡಿ, ಕೇಳಿದ್ದು ಸರಿಯಾಗಿಯೇ ಇದೆ. ಹೈಡ್ರೋಜನ್ ಒಂಟಿಯಾಗಿದ್ದರೆ ಸಾಧು. ಗಾಳಿಯ ಜೊತೆ ಸೇರಿದರೆ ಒಂದು ಕಿಡಿ ಸಾಕು. ಅದಕ್ಕೇ ರಿಪೇರಿಗೆಂದು ಯಂತ್ರ ಬಿಚ್ಚುವ ಮೊದಲು ಇಬ್ಬರ ನಡುವೆ ಕಾರ್ಬನ್ ಡೈಆಕ್ಸೈಡ್ ತಂದು ನಿಲ್ಲಿಸುತ್ತೇವೆ. ಅದು ಹೈಡ್ರೋಜನನ್ನು ಚಾವಣಿಯ ಕೊಳವೆಯಿಂದ ಹೊರಗೆ ತಳ್ಳುತ್ತದೆ. ಮೀಟರಿನಲ್ಲಿ ಕಾರ್ಬನ್ ಡೈಆಕ್ಸೈಡಿನ ಪ್ರಮಾಣ ನೂರಕ್ಕೆ ತೊಂಬತ್ತೈದು ಎಂದು ತೋರಿಸಿದ ಮೇಲೇ ಗಾಳಿ ಬಿಡಬೇಕು. ನಿಧಾನದ ಕೆಲಸ. ಅದರ ಸಿಲಿಂಡರುಗಳ ಕೊರಳಿಗೆ ಹಿಮ ಕಟ್ಟುತ್ತದೆ. ಬಿಸಿನೀರು ಹೊಯ್ದು ಹೊಯ್ದು ಕರಗಿಸಬೇಕು, ಕಾಯಬೇಕು.

ಇವತ್ತು ಬೆಳಿಗ್ಗೆ ವಚನಾ ಫೋನ್ ಮಾಡಿದ್ದಳು. “ಅಪ್ಪಾ, ಸಿಲಿಂಡರ್ ಕಮ್ಮಿ ಬಂದಿದೆ. ಇರೋದೆಲ್ಲ ಖಾಲಿಯಾದ್ರೂ ಎಂಬತ್ತರ ಮೇಲೆ ಹೋಗಲ್ಲ. ಸಾಹೇಬ್ರು ಸಾಕು, ಹನ್ನೆರಡಕ್ಕೆ ಗಾಳಿ ಬಿಡು ಅಂತಿದಾರೆ. ಏನ್ ಮಾಡ್ಲಿ?”

ನಾನು ಏನು ಹೇಳಿದೆ? ಜರಿ ಪೇಟ ಸುತ್ತಿಸಿಕೊಳ್ಳಲು ಹೊರಟು ನಿಂತವನು ಹೇಳಿದೆ: “ದೊಡ್ಡೋರು ಹೇಳಿದ್ಮೇಲೆ ಮಾಡಮ್ಮ. ಹೊಸ ಕೆಲಸ, ಎದುರು ಮಾತಾಡಬೇಡ. ನಾನೂ ಒಂದ್ಸಲ ಎಂಬತ್ತಕ್ಕೇ ಬಿಟ್ಟಿದೀನಿ, ಏನೂ ಆಗ್ಲಿಲ್ಲ.”

ಏನೂ ಆಗಲಿಲ್ಲ. ನಿಜ. ಜನರೇಟರಿಗೆ ಏನೂ ಆಗಲಿಲ್ಲ.

ಅಧ್ಯಕ್ಷರು ಚಿಕ್ಕದಾಗಿ ಮುಗಿಸಿ ಎಂದು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ ಸ್ವಾಮಿ. ಇದೊಂದನ್ನು ಹೇಳಿಬಿಡುತ್ತೇನೆ.

ನಾನು ಎಂಬತ್ತಕ್ಕೇ ಬಿಟ್ಟ ಅವತ್ತು ಗಾಳಿಯ ಕವಾಟದ ಹತ್ತಿರ ಇದ್ದವನು ಅಂಜಿನಯ್ಯ. ನನ್ನದೇ ವಯಸ್ಸು, ಓದು ಏಳನೆಯ ತರಗತಿ. ನಾನು ತಿರುಗಿಸು ಎಂದೆ. ಅವನು ಕೈ ಕಟ್ಟಿಕೊಂಡ. “ತೊಂಬತ್ತೈದು ಅಂತ ನೀವೇ ಕಲಿಸಿದ್ದು ಸಾರ್. ನಾನಂತೂ ತಿರುಗ್ಸಲ್ಲ.” ನನಗೆ ಕೋಪ ಬಂತು. “ಎಂಜಿನಿಯರ್ ನಾನೋ ನೀನೋ?” ಎಂದು ಬೈದು, ನಾನೇ ತಿರುಗಿಸಿದೆ. ಮೇಲೆ ಹೋಗಿ ಕೊಳವೆ ನೋಡಿ ಬಾ ಎಂದು ಅವನನ್ನು ಚಾವಣಿಗೆ ಕಳಿಸಿದೆ.

ಸಭಿಕರೇ, ಹೈಡ್ರೋಜನ್ ಉರಿದರೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹೊಗೆಯಿಲ್ಲ, ಬಣ್ಣವಿಲ್ಲ. ಒಳಗೆ ಉಳಿದಿದ್ದ ಹೈಡ್ರೋಜನ್ ಗಾಳಿಯ ಜೊತೆ ಹೊರಬಂದು ಕೊಳವೆಯ ಬಾಯಲ್ಲಿ ಉರಿಯುತ್ತಿತ್ತು. ಅಲ್ಲಿನ ಜಾಲರಿ ಸಡಿಲವಾಗಿದೆ ಎಂದು ಅವನು ಕೈ ಚಾಚಿದ್ದಾನೆ. ಕೆಳಗಿಳಿದು ಬಂದಾಗ ಬಲಗೈ ಮೊಣಕೈವರೆಗೂ ಬೆಂದಿತ್ತು. ಅವನು ಹೇಳಿದ್ದು ಒಂದೇ ಮಾತು: “ಅಲ್ಲೇನೂ ಕಾಣ್ಲಿಲ್ಲ ಸಾರ್.”

ವರದಿಯಲ್ಲಿ ನಾನು ಸಿಲಿಂಡರಿಗೆ ಹೊಯ್ಯುವ ಬಿಸಿನೀರು ಕೈಮೇಲೆ ಬಿದ್ದಿದೆ ಎಂದು ಬರೆದೆ. ಅವನ ಅಜಾಗರೂಕತೆ ಎಂದೂ ಸೇರಿಸಿದೆ. ಅದಕ್ಕೆ ಅವನು ಎಡಗೈಯಲ್ಲಿ ಸಹಿ ಹಾಕಿದ. ನೀವು ಓದಿದಿರಲ್ಲ, ಒಂದೂ ಅಪಘಾತವಿಲ್ಲ ಎಂದು, ಅದು ಹೀಗೆ ಇಲ್ಲವಾದದ್ದು.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಕಮಲಾಕ್ಷಮ್ಮ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ, ಅವಳಿಗೂ ಇದು ಈಗಲೇ ಗೊತ್ತಾಗುತ್ತಿರುವುದು. ಅಂಜಿನಯ್ಯ ಈಗ ಕೆಂಗೇರಿಯಲ್ಲಿದ್ದಾನೆ, ಯುಗಾದಿಗೆ ನಮ್ಮ ಮನೆಗೆ ಬರುತ್ತಾನೆ. ವಚನಾ ಚಿಕ್ಕವಳಿದ್ದಾಗ ಅವನ ತೋಳಿನ ಮೇಲೆ ಬೆರಳಾಡಿಸಿ, “ಮಾಮಾ, ಇದೇನು?” ಎಂದು ಕೇಳುತ್ತಿದ್ದಳು. ಅವನು ನನ್ನ ಮುಖ ನೋಡಿ, “ಬಿಸ್ನೀರು ಕಣವ್ವಾ” ಎನ್ನುತ್ತಿದ್ದ. ಅವಳು ಅದನ್ನು ನಂಬಿದ್ದಾಳೆ. ಬೆಳಿಗ್ಗೆ ನಾನು ಹೇಳಿದ್ದನ್ನೂ ನಂಬಿದ್ದಾಳೆ.

ಇನ್ನು ಹತ್ತು ನಿಮಿಷವಿದೆ. ಅಧ್ಯಕ್ಷರೇ, ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ತಿರುಗಿಸಬೇಡ, ಸಿಲಿಂಡರ್ ಬರುವವರೆಗೆ ಕಾಯಿ, ಸಾಹೇಬರು ಬೈದರೆ ಬೈಸಿಕೋ ಎಂದು ಅವಳಿಗೆ ಹೇಳಬೇಕು. ಯಾಕಪ್ಪಾ ಎಂದು ಕೇಳೇ ಕೇಳುತ್ತಾಳೆ. ನಿಮಗೆ ಹೇಳಿದ್ದನ್ನು ಅವಳಿಗೂ ಹೇಳಬೇಕು. ನಿಮ್ಮ ಮುಂದೆ ಹೇಳುವುದು ಸುಲಭವಿತ್ತು.

ಕರೆದಿರಿ, ಕೇಳಿಸಿಕೊಂಡಿರಿ, ಋಣಿಯಾಗಿದ್ದೇನೆ. ಬಾಗಿಲ ಬಳಿ ನಿಂತವರು ಸ್ವಲ್ಪ ದಾರಿ ಬಿಡಿ ಅಣ್ಣ, ಹೊರಗೆ ಹೋಗಿ ಫೋನ್ ಮಾಡಬೇಕು. ನಮಸ್ಕಾರ.