ಶಕುಂತಲಮ್ಮನ ದನಿ ಇಳಿಸಿದ್ದಕ್ಕೆ

ನಮ್ಮ ಚಿಕ್ಕಪ್ಪನ ಮಗ ನಾಗಭೂಷಣ ಊರ್ಡಿಗೆರೇಲಿ ಬಸ್ಸಿಳಿದಾಗ ರಾತ್ರಿ ಆಗೋಗಿತ್ತು. ಆಲದಮರ ದಾಟಿ, ಹಳೇ ಬಾವಿ ಪಕ್ಕ ನಡ್ಕೊಂಡ್ ಬರ್ಬೇಕು ಮನೆಗೆ. ಬೆನ್ನಲ್ಲಿ ಬ್ಯಾಗು. ಬ್ಯಾಗಲ್ಲಿ ಲ್ಯಾಪ್‌ಟಾಪು, ಬಸ್‌ಸ್ಟ್ಯಾಂಡಲ್ಲಿ ತಗೊಂಡಿದ್ದ ನೀರಿನ ಬಾಟ್ಲು. ಅದನ್ನಿನ್ನೂ ಓಪನ್ ಮಾಡಿರ್ಲಿಲ್ಲ.

ಅವತ್ತು ಅವನು ಮಾಡಿದ್ದ ಕೆಲ್ಸ ಮೊದ್ಲು ಹೇಳ್ತೀನಿ. ಹೇಳೋಕೇ ಅಸಹ್ಯ ಆಗುತ್ತೆ, ಥೂ.

ಶಿರಾ ಗೇಟಲ್ಲಿ ಇವನದು ವಿಡಿಯೋ ಎಡಿಟಿಂಗ್ ಅಂಗಡಿ. ಗುಬ್ಬಿ ಕಡೆಯ ಜಯಪ್ರಕಾಶ್ ಅನ್ನೋನು ಬಂದಿದ್ದ. ಅವರಮ್ಮ ಶಕುಂತಲಮ್ಮ ತೀರ್ಕೊಂಡಿದ್ರು. ತಿಥಿ ದಿನ ದೊಡ್ಡ ಸ್ಕ್ರೀನಲ್ಲಿ ಹಾಕೋಕೆ ವಿಡಿಯೋ ಬೇಕಂತೆ. ಹೆತ್ತಮ್ಮನ ಕೊನೇ ಗಳಿಗೇನ ಮೊಬೈಲಲ್ಲಿ ಹಿಡ್ಕೊಂಡಿದ್ದ, ಭೂಪ!

"ಅಮ್ಮಾ, ಎಲ್ರಿಗೂ ಒಳ್ಳೇದಾಗ್ಲಿ ಅನ್ನು" ಅಂತಾನೆ. ಆ ತಾಯಿ ಅಂದ್ರು. ಆಮೇಲೆ ಒಣಗಿದ ನಾಲಿಗೆ ಅಂಗುಳದಿಂದ ಬಿಡಿಸ್ಕೊಳ್ಳೋ ಸದ್ದು... ಚಪ್... ಚಪ್... "ನೀರು... ನೀರ್ ಕೊಡಪ್ಪಾ."

ಈ ನನ್ಮಗ "ಇನ್ನೊಂದ್ಸಲ ಹೇಳಮ್ಮಾ, ಕ್ಯಾಮ್ರಾ ನೋಡು" ಅಂತಾನೆ! ಅಲ್ಲಿಗೇ ಜೀವ ಹೋಯ್ತು. ಸಾಯೋರ ಬಾಯಿಗೆ ಎರಡು ಹನಿ ನೀರು... ಆಗದೋರಿಗೂ ಬಿಡ್ತೀವಲ್ರೀ?

"ಆ ನೀರು ಅನ್ನೋದು ಜನಕ್ಕೆ ಕೇಳ್ಬಾರ್ದು" ಅಂದನಂತೆ. ನಮ್ಮೋನೋ, ಹೂಂ ಅಂತ ಮಾಡ್ಕೊಟ್ಟ. ಪಟ್ಟಂತ ಕಟ್ ಮಾಡಿದ್ರೆ ಗೊತ್ತಾಗುತ್ತೆ ಅಂತ ಫೇಡ್ ಔಟು. ಆಶೀರ್ವಾದ ಮುಗೀತಿದ್ದಂಗೆ ಅಮ್ಮನ ದನಿ ಮೆಲ್ಲಗೆ ಇಳಿಸ್ದ, ಅದ್ರ ಮೇಲೆ ಕೊಳಲು ಮೆಲ್ಲಗೆ ಏರಿಸ್ದ. ಮುಗಿಸಿ ಮನೆಗೆ ಹೊರಟ.

ಬಾವಿ ಹತ್ರ ಬಂದ. ಚಪ್... ನಾಯಿ ಏನೋ ನೆಕ್ತಿರ್ಬೇಕು ಅಂದ್ಕೊಂಡ. ಚಪ್... ಚಪ್... ಸದ್ದು ಹತ್ರ ಬರ್ತಿರ್ಲಿಲ್ಲ. ಇದ್ದಲ್ಲೇ ಏರ್ತಿತ್ತು, ಯಾರೋ ವಾಲ್ಯೂಮ್ ಎತ್ತಿದಂಗೆ.

"ಯಾರು?" ಅಂತ ಪಿಸುಗುಟ್ಟಿದ.

"ನೀರ್ ಕೊಡಪ್ಪಾ..."

ಮತ್ತೆ ಮೆಲ್ಲಗೆ ಇಳೀತು. ಇವನು ಅಂಗಡೀಲಿ ಎಷ್ಟು ನಿಧಾನಕ್ಕೆ ಇಳಿಸಿದ್ನೋ ಅಷ್ಟೇ ನಿಧಾನಕ್ಕೆ.

ಬ್ಯಾಗಿಂದ ಬಾಟ್ಲು ಹೊರಗೆ ತೆಗೆದ. ಮುಚ್ಚಳಾನೂ ತಿರುಗಿಸ್ಲಿಲ್ಲ. ಹಂಗೇ ಬಾವಿಕಟ್ಟೆ ಮೇಲಿಟ್ಟು ಓಡ್ಬಂದ. ನಾನೇ ಬಾಗಿಲು ತೆಗೆದಿದ್ದು. "ತಪ್ಪಾಯ್ತು ಕಣೋ, ದನಿ ವಾಪಸ್ ಹಾಕ್ತೀನಿ" ಅಂತಿದ್ದ. ಅಲ್ಲೇ ಕೂತು, ಕೊಳಲು ಅಳಿಸಿ, ಫೇಡ್ ತೆಗೆದು ಪ್ಲೇ ಮಾಡ್ದ.

ನಾನೂ ಕೇಳಿದೀನಿ. "ಎಲ್ರಿಗೂ ಒಳ್ಳೇದಾಗ್ಲಿ" ಆಯ್ತು. ಆಮೇಲೆ ನೀರು ಅನ್ನೋ ಮಾತೇ ಇಲ್ಲ! ಗುಟುಕ್... ಗುಟುಕ್... ಗುಟುಕ್... ಕೊನೇಗೆ "ಹಾ" ಅಂತ ಒಂದು ಉಸಿರು.

ತಿಥಿ ದಿನ ಅದನ್ನೇ ಹಾಕಿದ್ವಿ. ಪೆಂಡಾಲ್ ತುಂಬ ಗುಟುಕ್, ಗುಟುಕ್. ಎಡೆ ಮುಂದೆ ಕೂತಿದ್ದ ಶಕುಂತಲಮ್ಮನ ತಂಗಿ ಬಾಯಿಗೆ ಸೆರಗು ಒತ್ಕೊಂಡು ಅತ್ರು. ಜಯಪ್ರಕಾಶ್ ವಡೆ ಅಗೀತಾ ಬಂದು, ಎಣ್ಣೆ ಕೈಯಲ್ಲೇ ಇವನ ಭುಜ ತಟ್ಟಿ, "ನೀಟಾಗಿ ತೆಗೆದಿದೀಯ ಗುರೂ, ಗೊತ್ತೇ ಆಗಲ್ಲ" ಅಂದ. ಅವನ ಜನ್ಮಕ್ಕಿಷ್ಟು ಬೆಂಕಿ ಹಾಕ!

ನಂಬೋರು ನಂಬಿ, ಬುಡೋರು ಬುಡಿ. ಅವನು ಓಡ್ಬಂದ ಮಾರನೇ ಬೆಳಗ್ಗೆ ಬಾವಿಕಟ್ಟೆಯಿಂದ ಆ ಬಾಟ್ಲು ತಂದೋನು ನಾನೇ. ಅಗೋ, ಆ ಗೂಡಲ್ಲಿದೆ, ಕೈಗೆ ತಗೊಂಡು ನೋಡಿ. ಸೀಲ್ ಒಡೆದಿಲ್ಲ. ಒಳಗೆ ಒಂದು ಹನಿ ಇಲ್ಲ.