ಜೇಬಲ್ಲಿದ್ದ ಸೀಸಿಯಂ

ದೀಪ ಆರಿಸ್ಬೇಡಿ, ಇರ್ಲಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ, ನನ್ನ ಚಿಕ್ಕಮ್ಮನ ಮಗನಿಗೇ ಆಗಿದ್ದು. ಗುಜರಿ ಅಂಗಳದಲ್ಲಿ ಗ್ಯಾಸ್ ಕಟ್ಟರ್ ಹಿಡಿದು ಕಬ್ಬಿಣ ಕತ್ತರಿಸೋ ಕೆಲಸ ಅವನದು. ಕಿಡಿ ಹಾರಿ ಹಾರಿ ಅಂಗಿಯೆಲ್ಲ ತೂತು. ಅದಕ್ಕೇ ನಾವೆಲ್ಲ ಕಿಡಿಯಣ್ಣ ಅಂತಿದ್ವಿ.

ಅವತ್ತು ಕೆಲಸ ಮುಗಿಸಿ ಹೊರಡೋ ಹೊತ್ತಿಗೆ ರಾತ್ರಿಯಾಗಿತ್ತು. ದಾರೀಲಿ ಬಾಗಿಲು ಹಾಕಿದ ಸಿಮೆಂಟ್ ಕಾರ್ಖಾನೆ, ಅದರ ಗೋಡೆಗೆ ಅಂಟಿಕೊಂಡಂತೆ ಒಂದು ಬಾವಿ. ಇಡೀ ಬೀದಿ ಕುಡಿಯೋದು ಅದೇ ನೀರು. ಒಂಚೂರೂ ಗಾಳಿ ಇಲ್ಲ. ಆದ್ರೂ ರಾಟೆ... ಕಿರ್ರ್... ಕಿರ್ರ್...

ಕಟ್ಟೆ ಮೇಲೆ ಒಬ್ಬ ಹೆಂಗಸು. ಆ ಕಾರ್ಖಾನೆ ಕೆಲಸಗಾರರ ಉದ್ದ ಕೋಟು. ಮುಖ ಕಾಣ್ತಿಲ್ಲ.

"ಅಣ್ಣಾ... ಜೇಬಲ್ಲಿ ಏನಿದೆ?"

ಇವನು ನಿಂತ. ಜೇಬಲ್ಲಿ ನಿಜವಾಗ್ಲೂ ಒಂದು ವಸ್ತು ಇತ್ತು. ಅದೇ ಕಾರ್ಖಾನೆಯಿಂದ ಬಂದ ಭಾರದ ಪೆಟ್ಟಿಗೆಯ ಮುಚ್ಚಳದ ಬೋಲ್ಟುಗಳನ್ನ ಬೆಳಿಗ್ಗೆ ಕತ್ತರಿಸಿದಾಗ ಒಳಗಿಂದ ಟಿಣ್ ಅಂತ ಬಿದ್ದಿತ್ತು. ಬೆರಳ ತುದಿಯಷ್ಟು ಉಕ್ಕಿನ ತುಂಡು, ಕನ್ನಡಿ ಹೊಳಪು. ಅವನ ಮಗಳಿಗೆ ಹೊಳೆಯೋದು ಅಂದ್ರೆ ಪ್ರಾಣ, ದಿಂಬಿನ ಕೆಳಗೇ ಇಟ್ಕೊಂಡು ಮಲಗೋಳು.

"ಏನಿಲ್ಲಮ್ಮ... ಮಗೂಗೆ ಆಟಕ್ಕೆ."

"ಮನೆಗೆ ಒಯ್ಯಬೇಡ."

ಮಧ್ಯಾಹ್ನದಿಂದ ವಾಂತಿ ಆಗ್ತಿತ್ತು ಅವನಿಗೆ. ಜೇಬಿನ ಕೆಳಗೆ ಎದೆ ಉರೀತಿತ್ತು. ಬಿಸಿಲಿನ ಝಳ ಅಂದ್ಕೊಂಡಿದ್ದ.

"ಯಾರಮ್ಮ ನೀನು?"

"ಅದನ್ನ ಕಾಯೋಳು."

ಆ ತುಂಡನ್ನ ಕಿತ್ತು ತೆಗೆದು ಬಾವಿಗೆ ಬೀಸೋಕೆ ಕೈ ಎತ್ತಿದ.

"ನೀರಿಗೆ ಬೇಡ!"

ಮಾತು ಕಿವಿ ಪಕ್ಕದಲ್ಲೇ ಕೇಳಿಸ್ತು. ಅವಳು ಮಾತ್ರ ಕೂತಲ್ಲಿಂದ ಅಲ್ಲಾಡಿರ್ಲಿಲ್ಲ.

"ಅದರ ಪೆಟ್ಟಿಗೇಲೇ ಹಾಕು... ಇಕ್ಕಳದಲ್ಲಿ ಹಿಡಿ... ದೂರ ಹೋಗು."

ಗುಜರಿ ಅಂಗಳಕ್ಕೆ ವಾಪಸ್ ಓಡಿದ. ಚಪ್ಪಲಿ ಚಟಚಟ ಅಂತ ಬೀದಿಯೆಲ್ಲ ಕೇಳೋ ಹಾಗೆ. ಅವಳು ಹೇಳಿದ ಹಾಗೇ ಮಾಡಿ, ಮುಚ್ಚಳ ಎಳೆದು, ಗೇಟಿಗೆ ಬೀಗ ಜಡಿದು ಧಣಿಯನ್ನ ಎಬ್ಬಿಸಿದ.

"ಕುಡಿದಿದ್ದೀಯೇನೋ?" ಅಂತ ಧಣಿ ನಕ್ಕ. ಇವನು ಅಂಗಿ ಬಿಚ್ಚಿದ. ಎದೆ ಮೇಲೆ ಕೆಂಪಗೆ ದುಂಡಗೆ ಸುಟ್ಟ ಗುರುತು. ನಗು ನಿಂತೇ ಹೋಯ್ತು, ಪೊಲೀಸರಿಗೆ ಫೋನ್ ಮಾಡಿದ. ಇವನು ಮನೆಗೆ ಹೋಗ್ಲಿಲ್ಲ. ಹುಡುಕ್ಕೊಂಡು ಬಂದ ಹೆಂಡತಿಗೆ ದೂರದಿಂದಲೇ ಕೂಗಿದ, "ಹತ್ರ ಬರ್ಬೇಡ್ವೇ... ಮಗೂನ ಕರ್ಕೊಂಡು ಹೋಗು!"

ಬೆಳಗಾಗೋ ಹೊತ್ತಿಗೆ ಅಧಿಕಾರಿಗಳು ಬಂದ್ರು. ಕೈಯಲ್ಲಿ ಟಕ್... ಟಕ್... ಅನ್ನೋ ಯಂತ್ರ. ಪೆಟ್ಟಿಗೆ ಕಡೆ ತಿರುಗಿಸಿದ್ರೆ ಟಕಟಕಟಕ! ಸೀಸಿಯಂ ಅಂದ್ರು. ಶುದ್ಧ ಸೀಸಿಯಂ ಹೊನ್ನಿನ ಬಣ್ಣದ ಲೋಹವಂತೆ, ಅಂಗೈ ಶಾಖಕ್ಕೇ ಕರಗುತ್ತಂತೆ, ನೀರು ಸೋಕಿದ್ರೆ ಸಿಡಿಯುತ್ತಂತೆ. ಕ್ಷಣವೂ ತಪ್ಪದ ಗಡಿಯಾರಕ್ಕೂ ಅದೇ ಬೇಕಂತೆ. ಈ ತುಂಡಿನೊಳಗೆ ಇದ್ದದ್ದು ಮಾತ್ರ ವಿಕಿರಣ ಸೂಸೋ ಜಾತಿ. ದೊಡ್ಡ ತೊಟ್ಟಿ ಎಷ್ಟು ತುಂಬಿದೆ ಅಂತ ಹೊರಗಿಂದಲೇ ತಿಳಿಯೋಕೆ ಇಡ್ತಾರಂತೆ. ಸೀಸದ ಪೆಟ್ಟಿಗೇಲಿ ಇರೋವರೆಗೂ ಸಾಧು. ಹೊರಗೆ ಬಂದ್ರೆ ಆ ವಿಕಿರಣಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಸುಮ್ಮನೆ ಒಳಗಿಂದ ಸುಡುತ್ತೆ.

ಅಣ್ಣ ತಿಂಗಳುಗಟ್ಟಲೆ ಆಸ್ಪತ್ರೇಲಿದ್ದ. ತೊಡೆ ಚರ್ಮ ತೆಗೆದು ಎದೆಗೆ ಹಾಕಿದ್ರು. ಉಳ್ಕೊಂಡ. ಮಗಳೂ ಚೆನ್ನಾಗಿದ್ದಾಳೆ.

ಆದ್ರೆ ಒಂದು ಮಾತು ಕೇಳಿ... ಅವತ್ತು ಬೆಳಿಗ್ಗೆ ಅವನನ್ನ ಆಂಬುಲೆನ್ಸಿಗೆ ಹತ್ತಿಸುವಾಗ ದೊಡ್ಡ ಅಧಿಕಾರಿ ಭುಜ ತಟ್ಟಿದ್ರು.

"ಮುಚ್ಚಳಕ್ಕೆ ಹೊಸ ಬೋಲ್ಟು ಹಾಕಿ ಬಿಗಿ ಮಾಡಿದ್ಯಲ್ಲ, ಭೇಷ್."

"ನಾನು ಬರೀ ಮುಚ್ಚಿದ್ದೆ ಸಾರ್."

ನಾನೂ ಅಲ್ಲೇ ನಿಂತಿದ್ದೆ. ಆಣೆ ಮಾಡಿ ಹೇಳ್ತೀನಿ, ದೂರದಿಂದ ನನ್ನ ಕಣ್ಣಾರೆ ಕಂಡೆ. ಮುಚ್ಚಳದ ನಾಲ್ಕೂ ಮೂಲೇಲಿ ಬೋಲ್ಟು. ಗ್ರೀಸ್ ಇನ್ನೂ ಹಸಿ.