ಕಲ್ಲಿಗೆ ಕಟ್ಟಿದ ಗಿಡ

ಓಡೆನ್ಸ್ ನಗರದ ಬಸ್ಸಿನಲ್ಲಿ, ಹಿಂದೆ ಕೂತು ಮಾತು ಕೇಳಿಸಿಕೊಳ್ಳುತ್ತಿದ್ದ ಪ್ರಯಾಣಿಕಳು ಲಿಸ್ಬೆತ್‌ಳ ಮುಂದಿನ ಸೀಟಿನಲ್ಲಿ ಗುಡ್ರುನ್ ಎಂಬ ಮುದುಕಿ ನೀರಿನ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಳಗೆ ಕಲ್ಲಿಗೆ ದಾರದಿಂದ ಕಟ್ಟಿದ ಪುಟ್ಟ ನೀರುಗಿಡವಿತ್ತು. ಗುಡ್ರುನ್‌ಳ ಪಕ್ಕದಲ್ಲಿದ್ದವನು ಅಕ್ವೇರಿಯಂ ಸಂಘದ ಪ್ರೆಬೆನ್.

“ಮರಳಲ್ಲಿ ಹೂಳ್ಬೇಡ ಮಾರಾಯ, ಗೆಡ್ಡೆ ಕೊಳೆತುಹೋಗುತ್ತೆ,” ಎಂದಳು ಗುಡ್ರುನ್.

“ಗೊತ್ತು ಕಣೇ. ಆಸ್ಗರ್ ಹೋದ್ಮೇಲೂ ಚಿಗುರ್ತಾ?”

“ಮೂರು ಎಲೆ ಬಂತು. ಗಂಡ ಸತ್ತಿದ್ದು ನಂಗೆ, ಅದಕ್ಕಲ್ವಲ್ಲ.”

“ಒಂಬತ್ತು ವರ್ಷ ಸಾಕಿದ್ದ. ನೀನೇ ಇಟ್ಕೋ.”

“ದಿನಾ ಅದರ ಮುಂದೆ ಕೂತ್ಕೋತೀನಿ. ಅಳುವೂ ಬರಲ್ಲ, ಏನೂ ಅನ್ಸಲ್ಲ.”

“ನನ್ನ ತೊಟ್ಟೀಲಿ ಪಾಚಿ ಬಿಟ್ರೆ ಏನೂ ಬದುಕಲ್ಲ ಅಂತ ನನ್ನ ಛೇಡಿಸ್ತಿದ್ನಲ್ಲ ಅವ್ನು?”

“ಇದು ಬೆಳೆಯೋದೂ ನಿಧಾನ, ಸಾಯೋದೂ ನಿಧಾನ. ತಗೋ.”

ಬಸ್ಸು ನಿಂತಿತು. ಪ್ರೆಬೆನ್ ಇಳಿಯಲು ಎದ್ದ, ಡಬ್ಬಿಗೆ ಕೈಚಾಚಲಿಲ್ಲ.

“ನೀನೇ ತಂದು ನನ್ನ ತೊಟ್ಟೀಲಿ ಇಡು. ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗು.”

“ನೋಡೋಣ,” ಎಂದು ಗುಡ್ರುನ್ ಡಬ್ಬಿಯನ್ನು ಎದೆಗವಚಿಕೊಂಡು ಅವನ ಹಿಂದೆಯೇ ಇಳಿದಳು.